ಮೂರೂವರೆಯ ಮೇಲೆ ಮಗು ಯಾರ ಬಳಿ?

ಮಗುವಿಗೆ ಅಂಗವೈಕಲ್ಯ ಇದೆ ಎಂದು ಗೊತ್ತಾದ ದಿನವೇ ಯಾವ ತಾಯಿಯೂ ಕೆಲಸ ಬಿಡುವುದಿಲ್ಲ. ಒಂದೊಂದೇ ರಜೆ, ಒಂದೊಂದೇ ಥೆರಪಿ ಸೇರಿಕೊಂಡು ಆ ರಾಜೀನಾಮೆ ಬರೆಸುತ್ತವೆ. ವರ್ಷಗಳ ಮೇಲೆ ಮತ್ತೆ ಕೆಲಸಕ್ಕೆ ಹೊರಟವಳಿಗೆ ಧೈರ್ಯ ಹೇಳಲು ಹತ್ತು ಜನ ಇದ್ದಾರೆ. ಸಂಜೆಯವರೆಗೆ ಮಗುವನ್ನು ನೋಡಿಕೊಳ್ಳಲು?

ಜೂನ್ ಮೊದಲ ವಾರ, ಬೆಳಗಿನ ಹತ್ತೂವರೆ. ಬೆಂಗಳೂರಿನ ಥೆರಪಿ ಕೇಂದ್ರವೊಂದರ ಇಕ್ಕಟ್ಟಾದ ಕಾರಿಡಾರಿನಲ್ಲಿ ಗೋಡೆಗೆ ತಾಗಿಸಿ ಹಾಕಿದ ಬೆಂಚು, ಅದರ ಮೇಲೆ ಐದಾರು ಹೆಂಗಸರು. ಒಳಗಿನಿಂದ ಒಮ್ಮೆ ಅಳು ಕೇಳುತ್ತದೆ, ಒಮ್ಮೆ ಚಪ್ಪಾಳೆ. ಒಬ್ಬಾಕೆ ಬೀನ್ಸ್‌ನ ನಾರು ಬಿಡಿಸುತ್ತಿದ್ದಾಳೆ. ಇನ್ನೊಬ್ಬಾಕೆ ಮಗುವಿನ ಶೂ ಮಡಿಲಲ್ಲಿಟ್ಟುಕೊಂಡು ತೂಕಡಿಸುತ್ತಿದ್ದಾಳೆ. ಮೂರನೆಯವಳು ಮೆಟ್ಟಿಲ ಬಳಿ ನಿಂತು, ಫೋನಿಗೆ ಕೈ ಅಡ್ಡ ಹಿಡಿದು, ತಗ್ಗಿದ ದನಿಯಲ್ಲಿ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಾಳೆ. ಅದು ಕೆಲಸದ ಸಂದರ್ಶನ. ಸೆಷನ್ ಮುಗಿಯಲು ಇನ್ನು ಇಪ್ಪತ್ತೇ ನಿಮಿಷ. ಏಳು ವರ್ಷ ಎಲ್ಲಿದ್ದಿರಿ ಎಂಬ ಪ್ರಶ್ನೆಗೆ ಅಷ್ಟರೊಳಗೆ ಉತ್ತರ ಹೇಳಿ ಮುಗಿಸಬೇಕು.

ಈ ಬೆಂಚಿಗೆ ಇಂಥದೇ ವಿಳಾಸ ಎಂದಿಲ್ಲ. ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ ಎಂಬ ಬೋರ್ಡು ಎಲ್ಲಿದೆಯೋ ಅಲ್ಲಿ ಅದೂ ಇರುತ್ತದೆ, ಜಯನಗರವಾಗಲಿ ಹುಬ್ಬಳ್ಳಿಯಾಗಲಿ. ಅಲ್ಲಿ ಯಾರಿಗೂ ಯಾರ ಹೆಸರೂ ಬೇಕಿಲ್ಲ. ಮಗುವಿನ ಹೆಸರಿನ ಮುಂದೆ ‘ಅಮ್ಮ’ ಎಂದು ಸೇರಿಸಿ ಕರೆದರೆ ಆಯಿತು. ಆ ಅಮ್ಮ ಒಂದು ಕಾಲಕ್ಕೆ ಬ್ಯಾಂಕಿನ ಕೌಂಟರಿನಲ್ಲಿದ್ದಳೋ, ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದಳೋ, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದಳೋ ತಿಳಿಯುವುದಕ್ಕೆ ತಿಂಗಳುಗಳೇ ಬೇಕು.

ಇಂಥ ಮನೆಗಳಲ್ಲಿ ಜೂನ್ ಎಂದರೆ ಲೆಕ್ಕಾಚಾರದ ತಿಂಗಳು. ಮಗುವಿಗೆ ಶಾಲೆಯಲ್ಲಿ ಸೀಟು ಸಿಕ್ಕಿದ್ದರೆ ಬೆಳಗಿನ ನಾಲ್ಕೈದು ಗಂಟೆಗಳು ಬಿಡುವಾಗುತ್ತವೆ. ಇನ್ನಾದರೂ ಕೆಲಸಕ್ಕೆ ಹೋಗಲೇ ಎಂಬ ಮಾತು ಊಟದ ಹೊತ್ತಿನಲ್ಲಿ ಮೆಲ್ಲಗೆ ಬರುತ್ತದೆ. ಮೂರೂವರೆಗೆ ಶಾಲೆ ಬಿಡುತ್ತದಲ್ಲ, ಆಮೇಲೆ ಎಂಬ ಮಾತು ಅದರ ಹಿಂದೆಯೇ ಬರುತ್ತದೆ.

ರಾಜೀನಾಮೆ ಒಂದು ದಿನದ್ದಲ್ಲ

ಕೆಲಸ ಬಿಟ್ಟ ತಾಯಂದಿರನ್ನು ಯಾವಾಗ ಬಿಟ್ಟಿರಿ ಎಂದು ಕೇಳಿದರೆ ತಾರೀಖು ಹೇಳುತ್ತಾರೆ. ಯಾಕೆ ಬಿಟ್ಟಿರಿ ಎಂದರೆ ಸ್ವಲ್ಪ ಯೋಚಿಸಬೇಕಾಗುತ್ತದೆ. ಮೊದಲು ಹೋದದ್ದು ಗಳಿಕೆ ರಜೆ. ಆಮೇಲೆ ಸಂಬಳವಿಲ್ಲದ ರಜೆ. ಆಮೇಲೆ ವಾರಕ್ಕೆ ಮೂರು ದಿನ ಥೆರಪಿ, ಪ್ರತಿ ಸೆಷನ್ ಮುಕ್ಕಾಲು ಗಂಟೆ, ಹೋಗಿ ಬರಲು ಟ್ರಾಫಿಕ್‌ನಲ್ಲಿ ಅದರ ಎರಡರಷ್ಟು. ಅದರ ಮೇಲೆ ‘ಹೋಮ್ ಪ್ರೋಗ್ರಾಂ’: ಕೇಂದ್ರದಲ್ಲಿ ಕಲಿಸಿದ್ದನ್ನು ಮನೆಯಲ್ಲಿ ದಿನವೂ ಮಾಡಿಸಬೇಕು, ಪುಸ್ತಕದಲ್ಲಿ ಬರೆದಿಡಬೇಕು. ಶಾಲೆಗೆ ಸೇರಿಸಿದರೆ ಮಗುವಿನ ಪಕ್ಕ ಕೂರುವ ‘ಶ್ಯಾಡೋ’ ಬೇಕು ಎನ್ನುತ್ತಾರೆ. ಆ ಶ್ಯಾಡೋಗೆ ಸಂಬಳ ಕೊಡುವವರು ತಂದೆತಾಯಿ. ಕೊಡಲಾಗದಿದ್ದರೆ ತಾಯಿಯೇ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಬೇಕು.

‘ಮನೆಯಲ್ಲಿ ಯಾರಿರ್ತೀರಿ?’ ಎಂಬುದು ಮೊದಲ ಭೇಟಿಯಲ್ಲೇ ಥೆರಪಿಸ್ಟ್ ಕೇಳುವ ಪ್ರಶ್ನೆ. ಕೇಳುವಾಗ ಕಣ್ಣು ಹೋಗುವುದು ತಾಯಿಯ ಕಡೆಗೆ. ಆ ರಾತ್ರಿ ಗಂಡ ಹೆಂಡತಿ ಇಬ್ಬರೂ ಸಂಬಳದ ಚೀಟಿ ಎದುರಿಟ್ಟುಕೊಂಡು ಕೂರುತ್ತಾರೆ. ಕಡಿಮೆ ಸಂಬಳದವರು ಬಿಡುವುದು ಎಂಬುದು ಲೆಕ್ಕಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಕಡಿಮೆ ಸಂಬಳ ಯಾರದ್ದೆಂದು ಬೇರೆ ಹೇಳಬೇಕೆ?

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಆರೈಕೆ ಯಾರ ಪಾಲಿಗೆ ಎಂಬುದನ್ನು ನಿಮಿಷಗಳಲ್ಲಿ ಹೇಳುತ್ತದೆ. 15ರಿಂದ 59 ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ 41 ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರೆ ಗಂಡಸರಲ್ಲಿ 21.4 ಮಂದಿ ಮಾತ್ರ. ತೊಡಗಿದವರೂ ಸಮವಾಗಿಲ್ಲ: ಆಕೆಯದು ದಿನಕ್ಕೆ 140 ನಿಮಿಷ, ಆತನದು 74. ಅಡುಗೆ, ಕಸ, ಮುಸುರೆ ಇದರಲ್ಲಿ ಸೇರಿಲ್ಲ; ಅದಕ್ಕೆ ಆಕೆಯ ಪಾಲು ಬೇರೆ 305 ನಿಮಿಷ. ಇದು ದೇಶದ ಎಲ್ಲ ಮನೆಗಳ ಸರಾಸರಿ. ಹತ್ತು ವರ್ಷದ ಮಗುವಿಗೂ ಉಣಿಸಬೇಕಾದ, ಶೌಚಕ್ಕೆ ಕರೆದೊಯ್ಯಬೇಕಾದ ಮನೆಯಲ್ಲಿ 140 ನಿಮಿಷ ಬೆಳಗಿನ ತಿಂಡಿಯ ಹೊತ್ತಿಗೇ ಮುಗಿದಿರುತ್ತದೆ.

ಅಮ್ಮನೇ ಟೀಚರ್

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1960ರ ದಶಕದಿಂದ ನಡೆದು ಬಂದ ಈ ಸಂಸ್ಥೆಗೆ ಕೇರಳ, ಆಂಧ್ರದಿಂದಲೂ ಜನ ಬರುತ್ತಾರೆ. ಅಲ್ಲಿನ ಶಿಶುಶಾಲೆಯಲ್ಲಿ ಮಕ್ಕಳ ಜೊತೆ ಅಮ್ಮಂದಿರೂ ಕೂರುತ್ತಾರೆ, ಕಲಿಸುವುದನ್ನು ಕಲಿಯುತ್ತಾರೆ. ಚೆನ್ನೈನ ಬಾಲ ವಿದ್ಯಾಲಯವೂ 1969ರಿಂದ ಇದೇ ದಾರಿಯಲ್ಲಿದೆ. ಶ್ರವಣದೋಷವಿರುವ ಮಗುವಿಗೆ ಮೊದಲ ಐದು ವರ್ಷ ಮಾತಿನ ಮಟ್ಟಿಗೆ ಬಂಗಾರದಂಥ ಕಾಲ. ದಿನದಲ್ಲಿ ಒಂದು ಗಂಟೆ ಸಿಗುವ ತಜ್ಞರಿಗಿಂತ ಇಡೀ ದಿನ ಜೊತೆಗಿರುವವರು ಹೆಚ್ಚು ಮಾತು ಕಲಿಸಬಲ್ಲರು. ಪದ್ಧತಿ ಸರಿಯಾಗಿಯೇ ಇದೆ, ಅದರಿಂದ ಮಾತು ಬಂದ ಮಕ್ಕಳೂ ಬೇಕಾದಷ್ಟಿದ್ದಾರೆ.

ಆದರೆ ಲೆಕ್ಕಪುಸ್ತಕದಲ್ಲಿ ಕಾಣದ ಒಂದು ಖರ್ಚು ಇದರಲ್ಲಿದೆ. ಮಗುವಿಗಾಗಿ ಊರು ಬಿಟ್ಟು ಬಾಡಿಗೆ ಮನೆ ಹಿಡಿದ ತಾಯಿ ತನ್ನ ಊರಿನಲ್ಲಿ ಕೆಲಸವನ್ನೂ ಬಿಟ್ಟು ಬಂದಿರುತ್ತಾಳೆ. ನಮ್ಮ ಪುನರ್ವಸತಿ ವ್ಯವಸ್ಥೆಯ ಬಹುಪಾಲು ಹೀಗೆ ಸಂಬಳವಿಲ್ಲದ ಒಬ್ಬ ಸಿಬ್ಬಂದಿಯನ್ನು ನಂಬಿಕೊಂಡು ನಿಂತಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಆಕೆಯನ್ನು ಗುರುತಿಸಿಯೂ ಇದೆ: ಸಂಬಳ ಪಡೆದೋ ಪಡೆಯದೆಯೋ ಆರೈಕೆ ಮಾಡುವ ತಂದೆತಾಯಿ, ಮನೆಯವರೆಲ್ಲ ಅದರ ಪ್ರಕಾರ ‘ಆರೈಕೆದಾರರು’. ಹಳ್ಳಿಗಳಲ್ಲಿ ಇದರ ಇನ್ನೊಂದು ರೂಪವಿದೆ. ಶಾಲೆಗೆ ಬರಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣ ಎಂದು ದಾಖಲಾಗುತ್ತದೆ, ಸಂಪನ್ಮೂಲ ಶಿಕ್ಷಕರು ಆಗಾಗ ಮನೆಗೆ ಬಂದು ಹೋಗುತ್ತಾರೆ. ದಾಖಲೆಯಲ್ಲಿ ಮಗು ಶಾಲೆಯಲ್ಲಿದೆ. ತಾಯಿ ಕೂಲಿ ಬಿಟ್ಟು ಮನೆಯಲ್ಲಿದ್ದಾಳೆ.

> ಕಾನೂನಿನಲ್ಲಿ ಏನಿದೆ?
>
> * 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು. 2016ರ ಕಾಯ್ದೆಯಲ್ಲಿ 21. ಆಟಿಸಂ, ಸೆರೆಬ್ರಲ್ ಪಾಲ್ಸಿ, ಸ್ನಾಯುಕ್ಷಯ, ಕಲಿಕಾ ನ್ಯೂನತೆ ಇದರಲ್ಲಿ ಸೇರಿವೆ.
> * ಶೇ 40 ಅಥವಾ ಹೆಚ್ಚು ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ.
> * ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಗೆ ಕಾಯ್ದೆಯ 24ನೇ ಕಲಂನಲ್ಲಿ ಅವಕಾಶ. ಕೇರಳದ ‘ಆಶ್ವಾಸಕಿರಣಂ’ ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿ. ಕರ್ನಾಟಕವೂ ಸೆರೆಬ್ರಲ್ ಪಾಲ್ಸಿಯಂಥ ಕೆಲವು ಸ್ಥಿತಿಗಳಿಗೆ ಸೀಮಿತವಾಗಿ 1,000 ರೂಪಾಯಿ ಘೋಷಿಸಿದೆ.
> * ಆದಾಯ ತೆರಿಗೆಯ 80ಡಿಡಿ: ಅವಲಂಬಿತರ ವೈಕಲ್ಯ ಶೇ 40 ದಾಟಿದ್ದರೆ 75,000, ಶೇ 80 ದಾಟಿದ್ದರೆ 1.25 ಲಕ್ಷ ರೂಪಾಯಿ ಕಡಿತ. ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ.

ನಾಲಾಗಢದ ಭೂಗೋಳದ ಮೇಡಂ

ಹಿಮಾಚಲ ಪ್ರದೇಶದ ನಾಲಾಗಢದಲ್ಲಿ ಒಂದು ಸರ್ಕಾರಿ ಕಾಲೇಜು. ಅಲ್ಲಿ ಭೂಗೋಳ ಕಲಿಸುತ್ತಿದ್ದ ಸಹಾಯಕ ಪ್ರಾಧ್ಯಾಪಕಿಯ ಮಗನಿಗೆ ಹುಟ್ಟಿನಿಂದಲೇ ಮೂಳೆ ಸುಲಭವಾಗಿ ಮುರಿಯುವ ಆನುವಂಶಿಕ ಕಾಯಿಲೆ. ಒಂದರ ಮೇಲೊಂದು ಶಸ್ತ್ರಚಿಕಿತ್ಸೆ. ಪ್ರತಿಯೊಂದಕ್ಕೂ ರಜೆ. ಕೊನೆಗೆ ಆಕೆಯ ಖಾತೆಯಲ್ಲಿ ರಜೆಯೇ ಉಳಿಯಲಿಲ್ಲ.

ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಇಡೀ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆ ಇದೆ. ಸಾಮಾನ್ಯವಾಗಿ ಮಗುವಿಗೆ 18 ತುಂಬುವವರೆಗೆ. ಮಗು ಅಂಗವಿಕಲವಾಗಿದ್ದರೆ ವಯಸ್ಸಿನ ಮಿತಿಯೇ ಇಲ್ಲ. ಆದರೆ ಹಿಮಾಚಲ ಸರ್ಕಾರ ಈ ನಿಯಮವನ್ನು ಅಳವಡಿಸಿಕೊಂಡಿರಲಿಲ್ಲ. ಅರ್ಜಿ ತಿರಸ್ಕೃತವಾಯಿತು. ಹೈಕೋರ್ಟ್ ಕೂಡ 2021ರಲ್ಲಿ ಇಲ್ಲ ಎಂದಿತು.

ಮೇಡಂ ಸುಪ್ರೀಂ ಕೋರ್ಟಿಗೆ ಹೋದರು. 2024ರ ಏಪ್ರಿಲ್ 22ರಂದು ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಜೆ.ಬಿ. ಪಾರ್ದೀವಾಲಾ ಅವರ ಪೀಠ ಪ್ರಶ್ನೆಯನ್ನು ರಜೆಯ ಅಂಕಣದಿಂದ ಎತ್ತಿ ಸಂವಿಧಾನದ ಎದುರಿಗಿಟ್ಟಿತು. ಹೆಣ್ಣುಮಕ್ಕಳು ದುಡಿಮೆಯಲ್ಲಿ ಪಾಲ್ಗೊಳ್ಳುವುದು ಯಾರೋ ಕೊಡುವ ಸವಲತ್ತಲ್ಲ, ಸಂವಿಧಾನ ಕೊಟ್ಟ ಅರ್ಹತೆ. ಇಂಥ ರಜೆ ಇಲ್ಲದಿದ್ದರೆ ತಾಯಿ ಕೆಲಸ ಬಿಡಲೇಬೇಕಾದೀತು. ಅಂಗವಿಕಲ ಮಗುವಿನ ತಾಯಿಗಂತೂ ಈ ಮಾತು ಇನ್ನಷ್ಟು ಸಲ್ಲುತ್ತದೆ ಎಂಬುದು ಪೀಠದ ನಿಲುವು. ನಿಯಮವನ್ನು ಮರುಪರಿಶೀಲಿಸಲು ಸಮಿತಿ ಮಾಡಿ ಎಂದು ರಾಜ್ಯಕ್ಕೆ ಹೇಳಿತು. ಅದೇ ವರ್ಷ ಹಿಮಾಚಲವೂ ಅಂಗವಿಕಲ ಮಕ್ಕಳಿರುವ ಮಹಿಳಾ ನೌಕರರಿಗೆ 730 ದಿನಗಳಿಗೆ ಒಪ್ಪಿತು.

ಇದರಲ್ಲಿ ಎರಡು ಸಂಗತಿ ಗಮನಿಸಬೇಕು. ಒಂದು, ಈ ಮೇಡಂ ಕೆಲಸದಲ್ಲಿದ್ದವರು, ಅದೂ ಸರ್ಕಾರಿ ಕೆಲಸದಲ್ಲಿ. ಹಿಡಿದುಕೊಳ್ಳಲು ಒಂದು ಕುರ್ಚಿ ಇತ್ತು, ವಾದಕ್ಕೆ ಒಂದು ನಿಯಮ ಇತ್ತು. ಖಾಸಗಿ ಕಂಪನಿ ಬಿಟ್ಟು ಬಂದವಳಿಗೆ ಎರಡೂ ಇಲ್ಲ. ಇನ್ನೊಂದು, ಈ ರಜೆ ಗಂಡಸರಿಗೂ ಸಿಗುತ್ತದೆ, ಆದರೆ ಒಂಟಿ ತಂದೆಗೆ ಮಾತ್ರ. ಹೆಂಡತಿ ಇರುವ ಗಂಡನಿಗೆ ಮಗುವನ್ನು ನೋಡಿಕೊಳ್ಳುವ ಕೆಲಸ ಇರುವುದಿಲ್ಲ ಎಂದು ನಿಯಮವೇ ತೀರ್ಮಾನಿಸಿಬಿಟ್ಟಿದೆ.

> ಲಂಡನ್ನಿನ ಒಂದು ಮೊಕದ್ದಮೆ
>
> ವಕೀಲರ ಕಚೇರಿಯಲ್ಲಿ ಕಾರ್ಯದರ್ಶಿಯಾಗಿದ್ದ ಷರಾನ್ ಕೋಲ್ಮನ್ ಅವರ ಮಗ 2002ರಲ್ಲಿ ಹುಟ್ಟಿದ. ಉಸಿರಾಟದ ತೊಂದರೆಯ ಮಗು. ಬೇರೆ ಮಕ್ಕಳ ತಂದೆತಾಯಿಗೆ ಸಿಗುವ ಸಮಯದ ರಿಯಾಯಿತಿ ತನಗೆ ಸಿಗಲಿಲ್ಲ, ರಜೆ ಕೇಳಿದರೆ ಸೋಮಾರಿ ಎಂದರು ಎಂಬುದು ಅವರ ದೂರು. 2005ರಲ್ಲಿ ಕೆಲಸ ಬಿಟ್ಟರು. 2008ರ ಜುಲೈನಲ್ಲಿ ಯುರೋಪಿನ ನ್ಯಾಯಾಲಯ, ವೈಕಲ್ಯದ ಕಾರಣಕ್ಕೆ ತೋರುವ ತಾರತಮ್ಯದಿಂದ ರಕ್ಷಣೆ ಅಂಗವಿಕಲರಿಗಷ್ಟೇ ಅಲ್ಲ, ಅವರನ್ನು ನೋಡಿಕೊಳ್ಳುವ ಉದ್ಯೋಗಿಗೂ ಉಂಟು ಎಂದು ತೀರ್ಪಿತ್ತಿತು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ಆರೈಕೆದಾರ ಉದ್ಯೋಗಿಗೆ ವರ್ಷಕ್ಕೆ ಒಂದು ವಾರದ ರಜೆ ಹಕ್ಕಾಗಿದೆ. ಸಂಬಳ ಮಾತ್ರ ಇಲ್ಲ.

ಎರಡನೇ ಇನಿಂಗ್ಸ್‌ನ ಜಾಹೀರಾತು

ಬಿಡುವಿನ ನಂತರ ಮರಳುವ ಹೆಂಗಸರಿಗಾಗಿ ಯೋಜನೆಗಳೇ ಇಲ್ಲವೆಂದಲ್ಲ. ಟಾಟಾ ಸಮೂಹ 2008ರ ಮಹಿಳಾ ದಿನದಂದು ಎರಡನೇ ವೃತ್ತಿಜೀವನದ ಇಂಟರ್ನ್‌ಶಿಪ್ ಆರಂಭಿಸಿತು. ಆರು ತಿಂಗಳಲ್ಲಿ ಸುಮಾರು 500 ಗಂಟೆ ಕೆಲಸ, ಸಮಯದಲ್ಲಿ ಸಡಿಲಿಕೆ. ಬೆಂಗಳೂರಿನಲ್ಲಿ 2015ರಲ್ಲಿ, ತಾವೇ ಕೆಲಸದಿಂದ ಬಿಡುವು ತೆಗೆದುಕೊಂಡಿದ್ದ ನೇಹಾ ಬಗಾರಿಯಾ ಶುರುಮಾಡಿದ ಜಾಬ್ಸ್‌ಫಾರ್‌ಹರ್, ಈಗಿನ ಹರ್‌ಕೀ, ಇಂಥವರನ್ನೂ ಕಂಪನಿಗಳನ್ನೂ ಜೋಡಿಸುತ್ತದೆ. ವಿಜ್ಞಾನ ಓದಿದವರಿಗೆ ಕೇಂದ್ರದ ವಿಜ್ಞಾನ ತಂತ್ರಜ್ಞಾನ ಇಲಾಖೆಯ ಮಹಿಳಾ ವಿಜ್ಞಾನಿ ಯೋಜನೆ ಎರಡು ದಶಕ ಕಾಲ ಬಾಗಿಲು ತೆರೆದಿತ್ತು; ಅದೀಗ ವೈಸ್–ಕಿರಣ್ ಹೆಸರಿನಲ್ಲಿ ಮುಂದುವರಿದಿದೆ.

ಇವೆಲ್ಲ ಒಂದು ಎಣಿಕೆಯ ಮೇಲೆ ಕಟ್ಟಿದವು: ಮಗು ಹುಟ್ಟುತ್ತದೆ, ಅಮ್ಮ ಮನೆಯಲ್ಲಿರುತ್ತಾಳೆ, ಮಗು ಶಾಲೆಗೆ ಹೋಗುತ್ತದೆ, ಅಮ್ಮ ಮರಳುತ್ತಾಳೆ. ಬಿಡುವಿಗೆ ಒಂದು ಕೊನೆ ಇದೆ ಎಂಬ ನಂಬಿಕೆ. ಆಟಿಸಂ ಇರುವ ಹನ್ನೆರಡರ ಹುಡುಗನ ಅಮ್ಮನಿಗೆ ಅಂಥ ಕೊನೆ ಬರುವುದಿಲ್ಲ. ಆಕೆ ಮರಳುವುದು ಆರೈಕೆ ಮುಗಿಸಿಕೊಂಡಲ್ಲ, ಆರೈಕೆಯನ್ನು ಹೊತ್ತುಕೊಂಡೇ. ಸಂದರ್ಶನದಲ್ಲಿ ಕೇಳುವವರಿಗೆ ಇದು ಅರ್ಥವಾಗುವುದಿಲ್ಲ. ‘ಈಗ ಮಗು ಸರಿಹೋಗಿದ್ಯಾ ಮೇಡಂ?’ ಎಂದು ಕೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ, ಅದೇ ಕಷ್ಟ. ಇಲ್ಲ ಎಂದರೆ ಕೆಲಸ ಸಿಗುವುದಿಲ್ಲ, ಹೌದು ಎಂದರೆ ಮೊದಲ ತಿಂಗಳಲ್ಲೇ ಸುಳ್ಳು ಹೊರಬೀಳುತ್ತದೆ.

ರೆಸ್ಯೂಮೆಯ ಆ ಖಾಲಿ ಜಾಗ ತುಂಬಿಸುವ ಸಲಹೆಗಾರರೂ ಈಗ ಹುಟ್ಟಿಕೊಂಡಿದ್ದಾರೆ. ಥೆರಪಿ ವೇಳಾಪಟ್ಟಿ ನಿಭಾಯಿಸಿದ್ದನ್ನು ‘ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್’ ಎಂದು ಬರೆಯಿರಿ, ಶಾಲೆಯವರೊಂದಿಗೆ ಗುದ್ದಾಡಿದ್ದನ್ನು ‘ಸ್ಟೇಕ್‌ಹೋಲ್ಡರ್’ ಜೊತೆಗಿನ ಮಾತುಕತೆ ಎನ್ನಿ ಎನ್ನುತ್ತಾರೆ. ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ವೈಕಲ್ಯದ ಸರ್ಟಿಫಿಕೇಟಿಗಾಗಿ ಜಿಲ್ಲಾಸ್ಪತ್ರೆಯ ಸರತಿಯಲ್ಲಿ ನಿಂತು, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ಮಾಡಿಸಿ, ವಿಮೆ ಕಂಪನಿಯೊಂದಿಗೆ ಪತ್ರವ್ಯವಹಾರ ನಡೆಸಿದವಳಿಗೆ ಯಾವ ಕಚೇರಿಯ ಕಡತವೂ ಹೆದರಿಕೆ ಹುಟ್ಟಿಸದು. ಆದರೆ ಆಕೆಗೆ ಕಡಿಮೆಯಾಗಿರುವುದು ಕೌಶಲವಲ್ಲ, ಮಧ್ಯಾಹ್ನದ ಮೂರು ಗಂಟೆಗಳು.

ಕೋವಿಡ್ ಕಾಲ ಇದನ್ನು ತೋರಿಸಿಕೊಟ್ಟಿತು. ಕಂಪನಿಗಳೇ ಮನೆಯಿಂದ ಕೆಲಸ ಮಾಡಿಸಿದ ಆ ದಿನಗಳಲ್ಲಿ ಥೆರಪಿ ನಿಂತು ಮಕ್ಕಳು ತೊಂದರೆಪಟ್ಟದ್ದು ನಿಜ. ಆದರೆ ಕಚೇರಿಗೆ ಹೋಗದೆಯೂ ಕೆಲಸ ನಡೆಯುತ್ತದೆ ಎಂಬುದು ಒಮ್ಮೆಲೇ ಸಾಬೀತಾಯಿತು. ಆಮೇಲೆ ವಾರಕ್ಕೆ ಮೂರು ದಿನ ಕಚೇರಿಗೆ ಬನ್ನಿ, ನಾಲ್ಕು ದಿನ ಬನ್ನಿ ಎಂಬ ಮೇಲ್‌ಗಳು ಬರತೊಡಗಿದವು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ರಜೆಯ ನಂತರ ಮನೆಯಿಂದ ಕೆಲಸಕ್ಕೆ ಅವಕಾಶ ಕೊಟ್ಟಿತು, ಮಾಲೀಕರು ಒಪ್ಪಿದರೆ. ಅದೂ ಬಾಣಂತಿಯ ಮಟ್ಟಿಗೆ.

ಆರು ತುಂಬಿದ ಮೇಲೆ

ಇಷ್ಟು ಹೊತ್ತು ಹೇಳಿದ್ದು ರೆಸ್ಯೂಮೆ ಇರುವವರ ಮಾತು. ಪೀಣ್ಯದಲ್ಲೋ ಮದ್ದೂರಿನಲ್ಲೋ ಗಾರ್ಮೆಂಟ್ಸ್‌ಗೆ ಹೋಗುವವಳಿಗೆ ‘ಕೆರಿಯರ್ ಬ್ರೇಕ್’ ಇರುವುದಿಲ್ಲ, ಹಾಜರಿ ಇರುತ್ತದೆ ಅಥವಾ ಇರುವುದಿಲ್ಲ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ 30ಕ್ಕಿಂತ ಹೆಚ್ಚು ಹೆಂಗಸರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕಿತ್ತು, ಆರು ವರ್ಷದೊಳಗಿನ ಮಕ್ಕಳಿಗೆ. ನರೇಗಾ ಕಾಯ್ದೆಯೂ ಕೆಲಸದ ಜಾಗಕ್ಕೆ ಬಂದ ಮಕ್ಕಳನ್ನು ನೋಡಿಕೊಳ್ಳಲು ಒಬ್ಬಳನ್ನು ನೇಮಿಸಬೇಕೆಂದಿತು, ಅಲ್ಲೂ ಆರರ ಗೆರೆ. ನಮ್ಮ ಗ್ರಾಮ ಪಂಚಾಯಿತಿಗಳ ಶಿಶುಪಾಲನಾ ಕೇಂದ್ರ ‘ಕೂಸಿನ ಮನೆ’ಯಂತೂ ಹೆಸರೇ ಹೇಳುವಂತೆ ಕೂಸುಗಳಿಗೆ.

ಆರು ದಾಟಿದ ಮಗು ಶಾಲೆಗೆ ಹೋಗುತ್ತದೆ, ಸಂಜೆ ಅಕ್ಕಪಕ್ಕದ ಮಕ್ಕಳ ಜೊತೆ ಆಡಿಕೊಂಡಿರುತ್ತದೆ ಎಂಬುದು ಈ ಎಲ್ಲ ನಿಯಮಗಳ ಲೆಕ್ಕ. ಹತ್ತು ವರ್ಷವಾದರೂ ನಡೆಯಲಾಗದ, ಎಂಟು ವರ್ಷವಾದರೂ ಬೀದಿಯ ಅಪಾಯ ತಿಳಿಯದ ಮಗು ಆ ಲೆಕ್ಕದಲ್ಲಿಲ್ಲ. ಅದನ್ನು ನೋಡಿಕೊಳ್ಳುವವರು ಅಜ್ಜಿ. ಅಜ್ಜಿಗೆ ಮಗುವನ್ನು ಎತ್ತಲಾಗದ ದಿನ ಬಂದಾಗ ತಾಯಿ ಮನೆಗೆ ಬರುತ್ತಾಳೆ. ಇಲ್ಲವೇ ಅಕ್ಕ ಶಾಲೆ ಬಿಡುತ್ತಾಳೆ. 2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಸಂಖ್ಯೆ 13.24 ಲಕ್ಷ, ಅವರ ಜೊತೆ ಮನೆಯಲ್ಲೇ ಉಳಿದವರ ಲೆಕ್ಕಕ್ಕೆ ಆ ನಮೂನೆಯಲ್ಲಿ ಕಾಲಂ ಇರಲಿಲ್ಲ.

ಕೆಲಸವನ್ನೇ ಕಟ್ಟಿದವರು

ಕೆಲವರು ಬೇರೆ ದಾರಿ ಹಿಡಿದರು. ಮಗಳು ಮಾಲಿನಿಗೆ ಸೆರೆಬ್ರಲ್ ಪಾಲ್ಸಿ ಇದ್ದ ಮಿಥು ಅಲೂರ್ ಲಂಡನ್ನಿನಲ್ಲಿ ವಿಶೇಷ ಶಿಕ್ಷಣ ಓದಿಕೊಂಡು ಬಂದು 1972ರಲ್ಲಿ ಮುಂಬೈನ ಕೊಲಾಬಾದಲ್ಲಿ ಮೂರೇ ಮಕ್ಕಳಿಂದ ಶಾಲೆ ತೆರೆದರು. ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಬೆಳೆದದ್ದು ಅಲ್ಲಿಂದ. ಮಾಲಿನಿ ಚಿಬ್ ಮುಂದೆ ಒಂದೇ ಬೆರಳಿನಲ್ಲಿ ಟೈಪ್ ಮಾಡಿ ಆತ್ಮಕಥೆ ಬರೆದರು, ಪುಸ್ತಕದಂಗಡಿಯಲ್ಲಿ ಉದ್ಯೋಗವನ್ನೂ ಮಾಡಿದರು. ದೆಹಲಿಯಲ್ಲಿ ಆಟಿಸಂ ಇರುವ ಮಗನ ತಾಯಿ ಮೇರಿ ಬರುವಾ 1991ರಲ್ಲಿ ಆ್ಯಕ್ಷನ್ ಫಾರ್ ಆಟಿಸಂ ಕಟ್ಟಿದರು. ಬೆಂಗಳೂರಿನ ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕದ ಹುಟ್ಟಿನಲ್ಲೂ ಪೋಷಕರಿದ್ದಾರೆ.

ಇವರ ಹಿಂದೆ ಹೆಸರು ಬಾರದ ನೂರಾರು ಅಮ್ಮಂದಿರಿದ್ದಾರೆ. ಮಗುವಿನ ಜೊತೆ ಕೇಂದ್ರಕ್ಕೆ ಬರುತ್ತಾ ಬರುತ್ತಾ ಭಾರತೀಯ ಪುನರ್ವಸತಿ ಮಂಡಳಿ ಮಾನ್ಯ ಮಾಡಿದ ಡಿಪ್ಲೊಮಾ ಓದಿ, ಅದೇ ಕೇಂದ್ರದಲ್ಲಿ ಟೀಚರ್ ಆದವರು. ಮಗುವೂ ಅಲ್ಲೇ, ಕೆಲಸವೂ ಅಲ್ಲೇ. ಮೂರೂವರೆಯ ಪ್ರಶ್ನೆಗೆ ಇದಕ್ಕಿಂತ ಸುಲಭದ ಉತ್ತರ ಇಲ್ಲ. ಪತ್ರಿಕೆಗಳಿಗೂ ಇಂಥ ಕಥೆ ಇಷ್ಟ.

ಆದರೂ ಇದನ್ನೇ ಆದರ್ಶ ಎಂದು ಎತ್ತಿ ತೋರಿಸುವಾಗ ಸ್ವಲ್ಪ ತಡೆಯಬೇಕು. ಬಹಳಷ್ಟು ಕೇಂದ್ರಗಳಲ್ಲಿ ವಿಶೇಷ ಶಿಕ್ಷಕಿಯ ಸಂಬಳ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಎಲ್ಲರಿಗೂ ಅದೇ ಕೆಲಸ ಬೇಕಾಗಿಲ್ಲ. ಅಕೌಂಟೆಂಟ್ ಆಗಿದ್ದವಳಿಗೆ ಬ್ಯಾಲೆನ್ಸ್ ಶೀಟು ಬೇಕು. ದಿನದ ಎಂಟು ಗಂಟೆ ತನ್ನ ಮಗುವಿನ ಕಾಯಿಲೆಯ ಹೆಸರು ಕಿವಿಗೆ ಬೀಳದ ಜಾಗದಲ್ಲಿ ಕೂತು ಜಿಎಸ್‌ಟಿ ಲೆಕ್ಕ ಹೊಂದಿಸಬೇಕು ಎಂದು ಆಕೆಗೆ ಅನ್ನಿಸಿದರೆ ಅದು ಸ್ವಾರ್ಥವೂ ಅಲ್ಲ, ಪಲಾಯನವೂ ಅಲ್ಲ. ಮಗುವಿನ ತಂದೆ ದಿನವೂ ಮಾಡುತ್ತಿರುವುದು ಅದನ್ನೇ.

ಹದಿನೆಂಟರ ಎರಡನೇ ರಾಜೀನಾಮೆ

ಹೇಗೋ ಹೊಂದಿಸಿಕೊಂಡು ಕೆಲಸಕ್ಕೆ ಮರಳಿದವರಿಗೆ ಇನ್ನೊಂದು ತಿರುವು ಕಾದಿರುತ್ತದೆ. 2016ರ ಕಾಯ್ದೆ ಕೊಡುವ ಉಚಿತ ಶಿಕ್ಷಣ 18ಕ್ಕೆ ಮುಗಿಯುತ್ತದೆ. ಶಾಲೆಯ ವ್ಯಾನು ಬರುವುದು ನಿಲ್ಲುತ್ತದೆ. ಬೇರೆಯವರ ಮಕ್ಕಳು ಕಾಲೇಜಿಗೆ, ಹಾಸ್ಟೆಲ್ಲಿಗೆ ಹೊರಡುವ ವಯಸ್ಸಿನಲ್ಲಿ ಈ ಮಗು ಮನೆಗೆ ಮರಳುತ್ತದೆ. ಅದರ ಜೊತೆಗೆ, ಐವತ್ತರ ಹತ್ತಿರ ಬಂದ ತಾಯಿಯೂ.

ಬುದ್ಧಿಮಾಂದ್ಯ ಮಕ್ಕಳ ಪೋಷಕರ ಸಂಘಗಳು ಇದನ್ನು ಬಲ್ಲವು. ಇಂಥ ಸಂಘಗಳ ರಾಷ್ಟ್ರೀಯ ಒಕ್ಕೂಟ ‘ಪರಿವಾರ್’ 1995ರಲ್ಲಿ ಹುಟ್ಟಿತು, ಅದರ ಬೇರು ಬೆಂಗಳೂರಿನಲ್ಲಿದೆ. ನಮ್ಮ ನಂತರ ಮಗುವಿಗೆ ಯಾರು ಎಂಬುದು ಈ ಪೋಷಕರ ದೊಡ್ಡ ಚಿಂತೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಬಂದದ್ದು ಆ ಚಿಂತೆಗೆ ಉತ್ತರವಾಗಿ: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವೈಕಲ್ಯ ಇರುವವರಿಗೆ 18ರ ನಂತರ ಕಾನೂನುಬದ್ಧ ಪಾಲಕರ ನೇಮಕ, ‘ನಿರಾಮಯ’ ಹೆಸರಿನಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ. ನಾವಿರುವಾಗ ಮಧ್ಯಾಹ್ನಕ್ಕೆ ಯಾರು ಎಂಬ ಸಣ್ಣ ಪ್ರಶ್ನೆಗೂ ಅದರ ಯೋಜನೆಗಳಲ್ಲಿ ಜಾಗವಿದೆ. ‘ಸಮರ್ಥ್’ ಮನೆಯವರಿಗೆ ಬಿಡುವು ಕೊಡಲು ತಾತ್ಕಾಲಿಕ ವಸತಿ, ‘ಸಹಯೋಗಿ’ ಆರೈಕೆದಾರರಿಗೆ ತರಬೇತಿ, ‘ವಿಕಾಸ್’ ಹಗಲಿನ ಆರೈಕೆ ಕೇಂದ್ರ. ಹತ್ತು ವರ್ಷ ದಾಟಿದವರನ್ನು ಸೇರಿಸಿಕೊಳ್ಳುವ ವಿಕಾಸ್ ಕೇಂದ್ರಗಳು ನಿಯಮದ ಪ್ರಕಾರ ದಿನಕ್ಕೆ ಕನಿಷ್ಠ ಆರು ಗಂಟೆ ತೆರೆದಿರಬೇಕು. ಕಚೇರಿಯ ಪಾಳಿ ಎಂಟೂವರೆ ಗಂಟೆ. ಹೋಗಿ ಬರುವ ಬಸ್ಸು ಬೇರೆ.